ಸಂಬಳ ತರುತ್ತಿದ್ದ ದನಿ

ನಾನು ಬಿ.ಎ. ಮುಗಿಸಿ ಎಂಟು ತಿಂಗಳು ಮನೆಯಲ್ಲಿ ಕೂತ ಮೇಲೆ ಸಿಕ್ಕ ಮೊದಲ ಕೆಲಸವೆಂದರೆ, ಬೇರೆ ಪದವೀಧರರಿಗೆ ಎಷ್ಟು ಸಂಬಳ ಬರುತ್ತಿದೆ ಎಂದು ಕೇಳಿ ಬರೆದುಕೊಂಡು ಬರುವುದು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಓದಿದ ಸರ್ಕಾರಿ ವಿಶ್ವವಿದ್ಯಾಲಯದಲ್ಲೇ ಅರ್ಥಶಾಸ್ತ್ರದ ಪ್ರೊಫೆಸರೊಬ್ಬರು ಒಂದು ಸಮೀಕ್ಷೆ ಕೈಗೆತ್ತಿಕೊಂಡಿದ್ದರು. ಒಬ್ಬ ಹುಡುಗನಿಗೆ ಡಿಗ್ರಿ ಕೊಡಿಸಲು ಸರ್ಕಾರ ಎಷ್ಟು ಹಾಕಿತು, ಮನೆಯವರು ಎಷ್ಟು ಹಾಕಿದರು, ಅದು ಅವನ ಸಂಬಳದ ರೂಪದಲ್ಲಿ ಎಷ್ಟು ವರ್ಷಕ್ಕೆ ಹಿಂದಿರುಗಿತು ಎಂದು ಅವರಿಗೆ ತಿಳಿಯಬೇಕಾಗಿತ್ತು. ನನ್ನನ್ನು ದಿನಗೂಲಿಯ ಮೇಲೆ ತೆಗೆದುಕೊಂಡರು. ಮೊದಲ ದಿನವೇ, "ನಿನ್ನಂಥವನನ್ನ ಈ ಲೆಕ್ಕಕ್ಕೆ ಸೇರಿಸಿದ್ರೆ ನನ್ನ ಸರಾಸರಿ ಕೆಟ್ಟುಹೋಗುತ್ತಪ್ಪ" ಎಂದು ನಕ್ಕರು. ನಾನೂ ನಕ್ಕೆ.

ಏಳೆಂಟು ವರ್ಷ ಹಿಂದೆ ಪಾಸಾದವರ ವಿಳಾಸಗಳನ್ನು ಹಳೆಯ ರಿಜಿಸ್ಟರುಗಳಿಂದ ಹುಡುಕಿ, ಒಬ್ಬೊಬ್ಬರಿಗೂ ಎರಡು ಹಾಳೆಯ ಪ್ರಶ್ನಾವಳಿ ಅಂಚೆಯಲ್ಲಿ ಹೋಗಿತ್ತು. ಬಹಳ ಜನ ಉತ್ತರ ಬರೆಯಲಿಲ್ಲ. ಬರೆದವರಲ್ಲಿ ಅನುಮಾನ ಬಂದ ಕೆಲವರ ಮನೆಗೆ ಹೋಗಿ ವಿಚಾರಿಸುವುದು ನನ್ನ ಪಾಲಿನದು. ನಮ್ಮ ಮನೆ ಯಶವಂತಪುರದಲ್ಲಿ, ಅಪ್ಪನ ಹಳೇ ಸೈಕಲ್ಲು ನನ್ನ ಹತ್ತಿರ ಇತ್ತು. ಹಾಗಾಗಿ ಹೆಬ್ಬಾಳ, ಯಲಹಂಕ, ಜಾಲಹಳ್ಳಿ, ಸೋಲದೇವನಹಳ್ಳಿಯ ಕಡೆಯ ಫಾರಮ್ಮುಗಳೆಲ್ಲ ನನಗೇ ಬಂದವು. ಜನ ನನ್ನನ್ನು ಇನ್‌ಕಂ ಟ್ಯಾಕ್ಸಿನವನೆಂದು ಹೆದರುತ್ತಿದ್ದರು. ಯಲಹಂಕದಲ್ಲಿ ಒಬ್ಬರ ತಾಯಿ, ನಾನು ಮಗನ ಸಂಬಳ ಕೇಳಿದ್ದೇ ತಡ, ಹೆಣ್ಣಿನ ಕಡೆಯವನು ಎಂದುಕೊಂಡು ಒಳಗೆ ಕೂರಿಸಿ ಉಪ್ಪಿಟ್ಟು ಕೊಟ್ಟರು. ನಿಜ ಹೇಳುವ ಹೊತ್ತಿಗೆ ತಟ್ಟೆ ಖಾಲಿಯಾಗಿತ್ತು.

ಅಬ್ಬಿಗೆರೆಯ ಫಾರಮ್ಮು ಬಂದಾಗ ಆಫೀಸಿನಲ್ಲಿ ಎಲ್ಲರೂ ಮೆಚ್ಚಿಕೊಂಡರು. ಒಂದು ಅಂಕಣವೂ ಖಾಲಿ ಇರಲಿಲ್ಲ. ಗುಂಡಗಿನ, ಬಿಡಿಬಿಡಿಯಾದ ಇಂಗ್ಲಿಷ್ ಅಕ್ಷರ. ಬಿ.ಎಸ್ಸಿ., ಎರಡನೇ ದರ್ಜೆ. ಓದಿನ ಖರ್ಚು ಕೆರೆಯ ಕೆಳಗಿನ ಗದ್ದೆ ಮಾರಿದ್ದರಿಂದ. ಈಗ ಜಾಲಹಳ್ಳಿಯ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಸಂಬಳದ ಜಾಗದಲ್ಲಿ ಬರೆದಿದ್ದ ಮೊತ್ತಕ್ಕೆ ಪ್ರೊಫೆಸರು ಪೆನ್ಸಿಲಿನಿಂದ ಸುತ್ತು ಹಾಕಿದ್ದರು.

"ಇದು ಕೈಕೆಲಸದವರ ಕೂಲಿ ಕಣಯ್ಯ. ಓಟಿ ಕೂಡಿಸಿ, ಕ್ಯಾಂಟೀನ್ ದುಡ್ಡು ಮುರಿದುಕೊಂಡು, ಪೈಸೆಗೆ ಪೈಸೆ ಬರೆದಿದ್ದಾನೆ. ಬಿ.ಎಸ್ಸಿ. ಓದಿದವನು ಇಷ್ಟಕ್ಕೆ ಯಾಕೆ ದುಡೀತಾನೆ? ಹೋಗಿ ನೋಡ್ಕೊಂಡು ಬಾ" ಎಂದರು.

ದೀಪಾವಳಿ ಕಳೆದು ಕೆಲವು ದಿನವಾಗಿತ್ತು. ಜಾಲಹಳ್ಳಿ ದಾಟಿ, ಕಾರ್ಖಾನೆಯ ಉದ್ದನೆಯ ಕಾಂಪೌಂಡಿನ ಪಕ್ಕದಲ್ಲೇ ಸೈಕಲ್ ತುಳಿದುಕೊಂಡು ಹೋದೆ. ಗೋಡೆ ಮುಗಿದ ಕಡೆಯಿಂದ ರಾಗಿ ಹೊಲ. ತೆನೆ ಕೆಂಪಾಗಿತ್ತು. ಊರಿನ ಕೊನೆಯಲ್ಲಿ, ಬೇರೆ ಮನೆಗಳಿಗಿಂತ ಸ್ವಲ್ಪ ಈಚೆಗೆ, ನಾಡಹೆಂಚಿನ ಮನೆ. ಜಗುಲಿಯ ಮೇಲೆ ಒಬ್ಬ ಹೆಂಗಸು ಗೋಡೆಗೆ ಒರಗಿ ಅವರೇಕಾಯಿ ಬಿಡಿಸುತ್ತಿದ್ದಳು. ಸೈಕಲ್ ನಿಂತ ಸದ್ದಿಗೆ ಮುಖ ತಿರುಗಿಸಿದಳು. ಎರಡು ಕಣ್ಣುಗಳೂ ಬೆಳ್ಳಗಿದ್ದವು.

"ಯಾರಪ್ಪಾ ಬಂದೋರು?"

ಹೇಳಿದೆ. ವಿಶ್ವವಿದ್ಯಾಲಯ ಎಂದಾಗ ಅರ್ಥವಾಗಲಿಲ್ಲ. ನಿಮ್ಮ ಮಗ ಓದಿದ ದೊಡ್ಡ ಕಾಲೇಜು ಎಂದೆ. ಮುಖ ಅರಳಿತು.

"ಒಳೀಕ್ ಬಾರಪ್ಪ, ಬಿಸ್ಲು. ಅವ್ನು ಇನ್ನೇನ್ ಬಂದ್ಬುಡ್ತಾನೆ. ಅಲ್ಲೇ ಕಾರ್ಖಾನೆ ಕ್ವಾಟ್ರಸ್ಸಲ್ಲಿ ಇರಾದು. ದಿನಾ ಸಾಯಂಕಾಲ ಬಂದು ನನ್ ಮಾತಾಡ್ಸ್ಕಂಡೇ ಓಗಾದು. ಅವ್ನು ಅತ್ಲಾಗ್ ಓದ್ಮೇಲೆ ಮಗಳು ಬತ್ತಾಳೆ. ಅವ್ಳೂ ಅಲ್ಲೇ ಕೆಲ್ಸುಕ್ ಓಯ್ತಾಳೆ."

ಗೋಡೆ ಹಿಡಿದುಕೊಂಡೇ ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದಳು. ಒಂದು ಹನಿ ಚೆಲ್ಲಲಿಲ್ಲ. ನಡುಮನೆಯಲ್ಲಿ ನನ್ನನ್ನು ಕೂರಿಸಿ ಮಗನ ಮಾತು ಶುರುಮಾಡಿದಳು. ಅವನು ಹೈಸ್ಕೂಲಿನಲ್ಲಿದ್ದಾಗ ಅವಳ ದೃಷ್ಟಿ ಹೋದದ್ದು. ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಗದ್ದೆ ಮಾರುವಾಗ ಊರವರು ಬೈದರಂತೆ. "ಈಗ ನೋಡು, ಒಂದ್ನೇ ತಾರೀಕು ಬಂತು ಅಂದ್ರೆ ಸಂಬ್ಳ ತಂದು ನನ್ ಕೈಗೇ ಮಡುಗ್ತಾನೆ. ಒಂದ್ ತಿಂಗ್ಳೂ ತಪ್ಸಿಲ್ಲ." ಆಮೇಲೆ ದನಿ ತಗ್ಗಿಸಿ, "ಒಂದೇ ಕೊರಗು ಕಣಪ್ಪ. ತಂಗಿಗೆ ಗಂಡು ಬಂದ್ರೆ ಬ್ಯಾಡ ಅಂತಾನೆ. ಮೂರ್ ಕಡೆಯೋರ್ನ ಕಳ್ಸ್ಬುಟ್ಟ. ದೊಡ್ಡೋನಾದ್ಮೇಲೆ ಮೈ ಮುಟ್ಟುಸ್ಕಣಾಕೂ ಬುಡಾಕಿಲ್ಲ" ಎಂದಳು.

ದೂರದಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ಅವಳು ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. ಒಳಗೆ ಆಗಲೇ ಮಬ್ಬು ಕವಿಯುತ್ತಿತ್ತು. ದೀಪ ಹಚ್ಚುವ ಅಗತ್ಯ ಆ ಮನೆಯಲ್ಲಿ ಅವಳಿಗೆ ಇರಲಿಲ್ಲ. ದೀಪ ಹಚ್ಚಿ ಎಂದು ನಾನು ಹೇಗೆ ಕೇಳಲಿ?

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಬೂಟಿನ ಸದ್ದು. ಗಂಡಸು ನಡೆಯುವ ಹಾಗೆ, ಹಿಮ್ಮಡಿ ಊರಿ ಊರಿ ನಡೆಯುವ ಸದ್ದು. ಒಮ್ಮೆ ಕೆಮ್ಮು. ನಂತರ ಒಂದು ತುಂಬಿದ ದನಿ, "ಅವ್ವಾ, ಬಂದೆ."

"ಬಂದ್ಯಾ ಮಗ" ಎಂದಳು ತಾಯಿ.

ನಾನು ಫಾರಮ್ಮು ಕೈಯಲ್ಲಿ ಹಿಡಿದು ನಮಸ್ಕಾರ ಹೇಳಲು ಎದ್ದು ನಿಂತೆ. ಬಾಗಿಲಲ್ಲಿ ನಿಂತಿದ್ದವಳು ಒಬ್ಬ ಹೆಂಗಸು. ಇಪ್ಪತ್ತೇಳು ಇಪ್ಪತ್ತೆಂಟರವಳು. ನೂಲಿನ ಸೀರೆ, ಕಾಲಲ್ಲಿ ಗಂಡಸಿನ ಕಪ್ಪು ಬೂಟು. ಬಳೆಗಳನ್ನು ಮೊಣಕೈವರೆಗೆ ಸರಿಸಿ, ಸದ್ದಾಗದಂತೆ ಮೇಲೆ ಕರವಸ್ತ್ರ ಬಿಗಿದು ಕಟ್ಟಿದ್ದಳು. ನನ್ನನ್ನು ನೋಡಿ ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಆದರೆ ಬಾಯಿ ನಿಲ್ಲಲಿಲ್ಲ.

"ಯಾರವ್ವ ಬಂದಿರೋದು?" ಎಂದಳು, ಅದೇ ಗಂಡು ದನಿಯಲ್ಲಿ. ಕಣ್ಣು ನನ್ನ ಮೇಲೇ ಇತ್ತು. ಆ ಕಣ್ಣು ಬೇಡಿಕೊಳ್ಳುತ್ತಿತ್ತು.

"ನೀನ್ ಓದಿದ್ ದೊಡ್ ಕಾಲೇಜಿಂದ ಬಂದವ್ರೆ ಕಣಪ್ಪ. ನಿನ್ ಸಂಬ್ಳ ಕೇಳ್ಬೇಕಂತೆ. ಎಷ್ಟ್ ಅಂತ ಏಳು, ನಾನೂ ಕೇಳ್ತೀನಿ."

ನಾನು ಅಲ್ಲಿಂದ ಓಡಿಹೋಗಬಹುದಾಗಿತ್ತು. ಓಡಲಿಲ್ಲ. ಕುಳಿತೆ. ಅವಳು ನನಗೆ ಎದುರಾಗಿ, ತಾಯಿಯ ಕೈಗೆ ಎಟುಕದಷ್ಟು ದೂರದಲ್ಲಿ, ಕಂಬಕ್ಕೆ ಒರಗಿ ಕೂತಳು. ಮಂಡಿಗಳನ್ನು ಅಗಲಿಸಿ, ಗಂಡಸರು ಕೂರುವ ಹಾಗೆ. ತಾಯಿಗೆ ಕಾಣದು ಎಂದು ಗೊತ್ತಿದ್ದೂ ಯಾಕೆ ಹಾಗೆ ಕೂತಳೋ. ನಾನು ಫಾರಮ್ಮಿನ ಪ್ರಶ್ನೆಗಳನ್ನು ಒಂದೊಂದಾಗಿ ಓದಿದೆ.

"ಪಾಸಾದ ಮೇಲೆ ಕೆಲಸ ಸಿಗೋಕೆ ಎಷ್ಟು ದಿನ ಆಯ್ತು ಸಾರ್?"

"ಐದು ತಿಂಗಳು ಹುಡುಕಿದೆ."

"ಈಗ ಕೈಗೆ ಬರೋ ಸಂಬಳ?"

ಪೈಸೆ ಸಮೇತ ಹೇಳಿದಳು. ಫಾರಮ್ಮಿನಲ್ಲಿ ಇದ್ದದ್ದೇ.

"ಓದಿದ್ದರಿಂದ ಪ್ರಯೋಜನ ಆಯ್ತು ಅಂತ ಅನ್ನಿಸುತ್ತಾ?" ಅದು ಕೊನೆಯ ಪ್ರಶ್ನೆ.

"ಹೂಂ. ಮನೆ ನಡೀತಾ ಇದೆಯಲ್ಲ" ಎಂದಿತು ಆ ದನಿ. ತಾಯಿ ಸಂತೋಷದಿಂದ ತೊಡೆ ತಟ್ಟಿಕೊಂಡು ನಕ್ಕಳು. ನಾನು ಬರೆದುಕೊಂಡೆ. ಒಂದು ಕ್ಷಣ ತಲೆ ತಗ್ಗಿಸಿ ಬರೆಯುತ್ತಿದ್ದಾಗ, ಎದುರಿಗೆ ನಿಜಕ್ಕೂ ಗಂಡಸೊಬ್ಬ ಕೂತಿದ್ದಾನೆ, ತಲೆಯೆತ್ತಿದರೆ ಅವನೇ ಕಾಣುತ್ತಾನೆ ಎನ್ನಿಸಿತು. ತಲೆಯೆತ್ತಲು ಹೆದರಿದೆ.

"ಬನ್ನಿ ಸಾರ್, ರಸ್ತೆವರೆಗೂ ಬಿಟ್ಟು ಹೋಗ್ತೀನಿ. ನನಗೂ ಹೊತ್ತಾಯ್ತು" ಎಂದು ಅವಳೇ ಎದ್ದಳು.

ಹೊರಗೆ ಬಂದು, ಗೋಡೆಯ ಪಕ್ಕದ ಸೌದೆ ಒಟ್ಟಿಲಿನ ಮರೆಯಲ್ಲಿ ಬೂಟು ಬಿಚ್ಚಿಟ್ಟಳು. ಬಟ್ಟೆ ತುರುಕಿ ಅಳತೆಗೆ ಹೊಂದಿಸಿಕೊಂಡಿದ್ದ ಬೂಟು. ನನ್ನ ಜೊತೆ ರಸ್ತೆವರೆಗೆ ಬಂದಳು. ಆಮೇಲೆ ಪಿಸುದನಿಯಲ್ಲಿ, "ಯಾರ್ಗೂ ಏಳ್ಬೇಡಿ" ಎಂದಳು. ಒಳಗೆ ಅಷ್ಟು ಹೊತ್ತು ಪೇಟೆಯ ಕಾಲೇಜಿನಲ್ಲಿ ಓದಿದವನ ಹಾಗೆ ಹಕಾರ ಒತ್ತಿ ಮಾತಾಡಿದ್ದವಳು ಈಗ ಊರಿನ ಮಾತಾಡಿದಳು.

ಅಣ್ಣನ ರಿಸಲ್ಟ್ ಬಂದ ತಿಂಗಳೇ ಊರಿಗೆ ಜ್ವರ ಬಂತು. ತಾಯಿಗೂ ಮಗನಿಗೂ ಒಟ್ಟಿಗೆ ಹಿಡಿಯಿತು. ಅವನನ್ನು ಪೇಟೆಯ ಆಸ್ಪತ್ರೆಗೆ ಒಯ್ದರು, ಅಲ್ಲೇ ತೀರಿಕೊಂಡ. ತಾಯಿ ಮೂರು ವಾರ ಪ್ರಜ್ಞೆಯಿಲ್ಲದೆ ಬಿದ್ದಿದ್ದವಳು ಎದ್ದಳು. ತಿಂಗಳೊಪ್ಪತ್ತು ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾಳೆ ಎಂದರು ಡಾಕ್ಟರು. ಊರವರೂ ಒಪ್ಪಿದರು. ಒಂದು ಸಾಯಂಕಾಲ ತಾಯಿ ಮೂರನೇ ಸಲ, "ಅವ್ನ್ ಇನ್ನೂ ಬರ್ಲಿಲ್ವಾ" ಎಂದು ಅಳಲು ಶುರುಮಾಡಿದಾಗ ಇವಳು ಬಾಗಿಲಿಂದ, ಬಂದೆ ಅವ್ವ, ಎಂದುಬಿಟ್ಟಳು.

"ಒಂದ್ ತಿಂಗ್ಳು ಅನ್ಕಂಡೆ ಸಾರ್. ಏಳ್ ವರ್ಸ ಆಯ್ತು."

ಓದು ಅವನೇ ಕಲಿಸಿದ್ದು. ಅವನು ಗಟ್ಟಿಯಾಗಿ ಓದಿಕೊಳ್ಳುವಾಗ ಇವಳು ಪಕ್ಕದಲ್ಲಿ ಕೂತು ಕಲಿತಳು. ಅದರಿಂದಲೇ ಕಾರ್ಖಾನೆಯಲ್ಲಿ ತಂತಿ ಸುತ್ತುವ ಕೆಲಸ ಸಿಕ್ಕಿತು. "ಫಾರಮ್ಮಲ್ಲಿ ನಾನ್ ಸುಳ್ ಬರ್ದಿಲ್ಲ. ಗದ್ದೆ ಮಾರಿದ್ದೂ ನಿಜ, ಸಂಬ್ಳ ಬರಾದೂ ನಿಜ. ಎಸ್ರು ಮಾತ್ರ ಅಣ್ಣುಂದು."

ನಾನು ಸೈಕಲ್ ಹತ್ತುವ ಮುಂಚೆ ತಿರುಗಿ ನೋಡಿದೆ. ಅವಳು ಹಿತ್ತಿಲಿಗೆ ಸುತ್ತಿಕೊಂಡು ಹೋಗಿ, ಬಳೆಗಳನ್ನು ಕೆಳಗಿಳಿಸಿ, "ಅವ್ವೋ" ಎಂದು ಕೂಗಿದಳು. ಆ ದನಿ ತೆಳ್ಳಗೆ, ಒಡಕಾಗಿ ಬಂತು. ಇಷ್ಟು ಹೊತ್ತು ಕೇಳಿದ ಗಂಡು ದನಿಯಲ್ಲಿ ಒಂದು ಎಳೆ ಅನುಮಾನ ಇರಲಿಲ್ಲ. ಅವಳದೇ ದನಿ ಯಾರೋ ಅಣಕಿಸಿದ ಹಾಗಿತ್ತು.

ಮನೆಗೆ ಬಂದಾಗ ನಮ್ಮಕ್ಕ ಅಡುಗೆಮನೆಯ ಬಾಗಿಲಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ನನ್ನನ್ನು ಓದಿಸಬೇಕೆಂದು ಅವಳನ್ನು ಎಂಟನೇ ಕ್ಲಾಸಿಗೇ ಬಿಡಿಸಿದ್ದರು. "ಯಾಕೋ, ಮುಖ ಹಿಂಗಾಗಿದೆ?" ಎಂದಳು. ಏನಿಲ್ಲ ಎಂದೆ. ಸ್ವಲ್ಪ ಹೊತ್ತು ಅವಳ ಪಕ್ಕದಲ್ಲೇ ಕೂತಿದ್ದೆ. ಇನ್ನೂ ಏನಾದರೂ ಮಾತಾಡು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ತೀರಿಕೊಂಡವರ ಫಾರಮ್ಮುಗಳಿಗೆ ಆಫೀಸಿನಲ್ಲಿ ಬೇರೆ ಕಟ್ಟು ಇತ್ತು. ಅವರನ್ನು ಲೆಕ್ಕದಿಂದ ತೆಗೆದುಬಿಡುತ್ತಿದ್ದರು. ನಾನು ಅಬ್ಬಿಗೆರೆಯ ಫಾರಮ್ಮಿನ ಮೇಲೆ, ಖುದ್ದು ಭೇಟಿಯಾಗಿ ವಿಚಾರಿಸಿದೆ, ಸರಿಯಿದೆ, ಎಂದು ಬರೆದು ಸಹಿ ಹಾಕಿದೆ. ಪ್ರೊಫೆಸರು ನಂಬಿದರು. ಆಮೇಲೆ ಬಹಳ ದಿನ ನನಗೆ ಉಳಿದ ಫಾರಮ್ಮುಗಳನ್ನು ಮುಟ್ಟಲು ಮನಸ್ಸಾಗುತ್ತಿರಲಿಲ್ಲ. ಬೇರೆ ಬೇರೆ ಊರಿನಿಂದ ಬಂದ ಆ ಕೈಬರಹಗಳನ್ನೆಲ್ಲ ನೋಡುತ್ತ, ಇದನ್ನು ಬರೆದವರು ಯಾರು ಎಂದು ಯೋಚಿಸುತ್ತ ಕೂರುತ್ತಿದ್ದೆ.

ಮಾರನೆಯ ವರ್ಷ ಒಂದು ನೆಪ ಹುಡುಕಿಕೊಂಡು ಮತ್ತೆ ಅಲ್ಲಿಗೆ ಹೋದೆ. ಕೆಲಸವೇನೂ ಇರಲಿಲ್ಲ. ಆ ದನಿ ಇನ್ನೊಂದು ಸಲ ಕೇಳಬೇಕಾಗಿತ್ತು ನನಗೆ, ಅಷ್ಟೇ. ತಾಯಿ ಒಬ್ಬಳೇ ಇದ್ದಳು, ತುಂಬ ಇಳಿದುಹೋಗಿದ್ದಳು. ನನ್ನ ಗುರುತು ಹಿಡಿದು, ಹತ್ತಿರ ಕರೆದು, ಮುಂಗೈ ಬಿಗಿಯಾಗಿ ಹಿಡಿದುಕೊಂಡಳು.

"ನೀನು ಕಣ್ಣಿರೋನು. ನನ್ಗೊಂದು ನಿಜ ಏಳಪ್ಪ."

ಕೊನೆಗೂ ಗೊತ್ತಾಗಿದೆ ಎಂದುಕೊಂಡೆ.

"ನನ್ ಮಗಳು ಬದುಕವ್ಳಾ?"

ನಾನು ಅವಳ ಎದುರಿಗೆ ಕೂತೆ.

"ಮಗ ದಿನಾ ಬತ್ತಾನೆ, ಚೆಂದಾಗಿ ಮಾತಾಡ್ತಾನೆ. ಅವ್ಳ ದನಿ ಮಾತ್ರ ಅವ್ಳ ದನಿ ಅಲ್ಲ. ಯಾರೋ ಅವ್ಳಂಗೆ ಮಾತಾಡ್ತಾರೆ. ನನ್ಗೆ ನೋವಾಯ್ತದೆ ಅಂತ ಎಲ್ರೂ ಸೇರಿ ಮುಚ್ಚಿಟ್ಟವ್ರೆ. ನನ್ ಮಗಳು ಯಾವಾಗ್ಲೋ ಸತ್ತೋಗವ್ಳೆ."

"ಇಲ್ಲಮ್ಮ, ಇದ್ದಾರೆ. ನಾನೇ ನೋಡಿದೀನಿ."

"ಎಲ್ರೂ ಇಂಗೇ ಅಂತಾರೆ" ಎಂದು ನನ್ನ ಕೈ ಬಿಟ್ಟಳು.

ಸೈರನ್ ಆಗುವವರೆಗೆ ನಾನು ಅಲ್ಲಿ ಕೂರಲಿಲ್ಲ. ಎದ್ದು ರಸ್ತೆಗೆ ಬಂದು ಕಾಯುತ್ತ ನಿಂತೆ. ಕಾರ್ಖಾನೆಯ ಕಡೆಯಿಂದ ಅವಳು ಬಂದಾಗ, ತಾಯಿ ಹೇಳಿದ್ದನ್ನು ಹೇಳಿದೆ. ಅವಳು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟಳು. "ನೀವು ಓಗಿ ಸಾರ್" ಎಂದಳು. ಹೋದೆ.

ಆಮೇಲೆ ನನಗೆ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಸಮೀಕ್ಷೆಯ ವರದಿ ಅಚ್ಚಾಯಿತೆಂದು ಕೇಳಿದೆ, ನೋಡಲಿಲ್ಲ. ಎರಡು ಮೂರು ವರ್ಷ ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಯಲಹಂಕದಿಂದ ಬರುತ್ತಿದ್ದ ಬಸ್ಸಿನಲ್ಲಿ ಅವಳು ಹತ್ತಿದಳು. ಗುರುತು ಹಿಡಿದವಳು ಅವಳೇ. ನನ್ನ ಸೀಟಿನ ಪಕ್ಕದ ಸೀಟು ಖಾಲಿಯಿತ್ತು, ಕೂತಳು. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಿದ್ದಳು.

"ಅಮ್ಮ ಹೇಗಿದ್ದಾರೆ?" ಎಂದು ಕೇಳಿದೆ.

"ತೀರಿಕೊಂಡ್ರು."

ಅದು ಆ ದನಿ. ನಡುಮನೆಯಲ್ಲಿ ಕೇಳಿದ್ದ ಅದೇ ತುಂಬಿದ ಗಂಡು ದನಿ. ಸೆರಗಿನ ಹಿಂದಿನಿಂದ ಬರುತ್ತಿತ್ತು.

ನಾನು ಹೇಳಿ ಹೋದ ಸಾಯಂಕಾಲ ಅವಳು ಬೂಟು ಹಾಕಿಕೊಳ್ಳದೆ ನೇರವಾಗಿ ಮುಂಬಾಗಿಲಿಂದಲೇ ಒಳಗೆ ಹೋದಳಂತೆ. ತಾಯಿಯ ಎದುರು ಕೂತು ಎಲ್ಲವನ್ನೂ ಹೇಳಿದಳಂತೆ.

"ಅಣ್ಣ ಇಲ್ಲ ಅವ್ವ, ಸತ್ತು ಏಳೆಂಟು ವರ್ಷ ಆಯ್ತು, ನಾನು ನಿನ್ನ ಮಗಳು ಅಂತ ಹೇಳ್ದೆ. ಆದ್ರೆ ಹೇಳ್ತಾ ಹೇಳ್ತಾ ಅಳು ಬಂತು. ಅಳು ಬಂದಾಗ ಈ ದನೀನೇ ಬಂತು. ಅವ್ವ ನಂಬಲಿಲ್ಲ. ನನ್ನ ಸಮಾಧಾನ ಮಾಡೋಕೆ ನಾಟಕ ಮಾಡ್ತಿದೀಯ ಮಗ, ಅಂದ್ಳು. ಅವಳ ಕೈ ಹಿಡಿದು ನನ್ನ ಬಳೆ ಮುಟ್ಟಿಸಿದೆ. ನನ್ನ ಕೈ ನೋಡಿ ಸಾರ್, ತಂತಿ ಸುತ್ತಿ ಸುತ್ತಿ ಹಿಂಗಾಗಿದೆ."

ಅಂಗೈ ಬಿಚ್ಚಿ ತೋರಿಸಿದಳು. ಬೆರಳುಗಳ ಉದ್ದಕ್ಕೂ ಗಾಯ ಮಾಗಿ ಗಟ್ಟಿಯಾದ ಗೆರೆಗಳು.

"ಕೈ ತಡವಿ ನೋಡಿ ಕಿರುಚಿಕೊಂಡ್ಳು. ಸತ್ತೋಳ ಬಳೆ ಯಾಕಪ್ಪ ಹಾಕ್ಕೊಂಡಿದೀಯ, ಬಿಚ್ಚು ಅಂತ. ಆಮೇಲೆ ಬಳೆ ತೆಗೆಯೋವರೆಗೂ ನನ್ನ ಹತ್ತಿರ ಬಿಡಲಿಲ್ಲ."

ಅದಾದ ಮೇಲೆ ತಾಯಿ ನಾಲ್ಕು ತಿಂಗಳು ಬದುಕಿದ್ದಳು. ಅಷ್ಟು ದಿನವೂ ಮಗಳಿಗಾಗಿ ಅತ್ತಳು. ಹನ್ನೊಂದನೇ ದಿನದ ಎಡೆ ಇಡಿಸಿದಳು, ಮಗಳಿಗೆ ಇಷ್ಟವಾದ ಅವರೆಬೇಳೆ ಸಾರು ಮಾಡಿಸಿ. ಅದನ್ನು ಮಾಡಿದವಳು ಇವಳೇ. ಪಕ್ಕದ ಮನೆಯವರು ಬಂದು ನಿನ್ನ ಮಗಳು ಇಲ್ಲೇ ನಿಂತಿದ್ದಾಳೆ ಎಂದು ಎಷ್ಟು ಹೇಳಿದರೂ ತಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಯ ದಿನ, ನೀನಾದ್ರೂ ಇದೀಯಲ್ಲ ಮಗ, ಎಂದು ಕಣ್ಣುಮುಚ್ಚಿದಳಂತೆ.

"ಈಗ ಯಾಕೆ ಈ ದನಿಯಲ್ಲಿ ಮಾತಾಡ್ತೀರಿ? ನಿಮ್ಮದೇ ದನಿಯಲ್ಲಿ..." ಎಂದೆ. ಕೇಳಬಾರದಾಗಿತ್ತು.

ಅವಳು ಸೆರಗು ತೆಗೆದಳು. ಬಾಯಿ ತೆರೆದು ಏನೋ ಪ್ರಯತ್ನಪಟ್ಟಳು. ಗಂಟಲಿನ ನರ ಉಬ್ಬಿದವು. ಗಾಳಿ ಮಾತ್ರ ಹೊರಬಂತು.

"ಬರಲ್ಲ ಸಾರ್. ತುಂಬ ದಿನ ಪ್ರಯತ್ನ ಮಾಡಿದೆ. ಕಾರ್ಖಾನೆಯಲ್ಲಿ ಮಾತಾಡೋದೇ ಬಿಟ್ಟಿದೀನಿ. ಎಲ್ಲ ಮೂಗಿ ಅಂತಾರೆ."

ಕಂಡಕ್ಟರು ನಮಗೆ ಬೆನ್ನು ಮಾಡಿ ಮುಂದಿನ ಸೀಟಿನವರಿಗೆ ಚಿಲ್ಲರೆ ಕೊಡುತ್ತಿದ್ದ. ಅವಳು, "ಒಂದು ಹೆಬ್ಬಾಳ ಕೊಡಿ" ಎಂದಳು. ಅವನು ತಿರುಗದೆಯೇ, "ಕೊಟ್ಟೆ ಯಜಮಾನ್ರೇ" ಎಂದು ಟಿಕೆಟ್ ಹರಿದು ನನ್ನ ಕಡೆ ಚಾಚಿದ. ಅದನ್ನು ಅವಳು ತೆಗೆದುಕೊಂಡಳು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ದುಡ್ಡು ಈಸಿಕೊಳ್ಳುವುದನ್ನೂ ಮರೆತು ಬಾಗಿಲ ಕಡೆ ಸರಿದು ನಿಂತ.

ಹೆಬ್ಬಾಳದಲ್ಲಿ ಅವಳು ಟಿಕೆಟ್ಟಿನ ದುಡ್ಡನ್ನು ಸೀಟಿನ ಮೇಲಿಟ್ಟು, ನನಗೆ ಕೈಮುಗಿದು ಇಳಿದಳು. ಕೆರೆಯ ಏರಿಯ ಮೇಲೆ ಒಬ್ಬಳೇ ನಡೆದುಕೊಂಡು ಹೋದಳು. ಬಸ್ಸು ಹೊರಟ ಮೇಲೆ ಕಂಡಕ್ಟರು ಹತ್ತಿರ ಬಂದು, ಮೆಲ್ಲಗೆ, "ಯಾರ್ ಸಾರ್ ಅವ್ರು?" ಎಂದು ಕೇಳಿದ. ಅಬ್ಬಿಗೆರೆಯವರು ಎಂದೆ.